ತಾಮ್ರದ ತಂತಿ, ಅಕ್ಕನ ಗುಳಿಗೆ

ಹಾವೇರಿಯ ಕಲ್ಯಾಣಮಂಟಪವೊಂದರಲ್ಲಿ ಜರಿ ಶಾಲು ಹೊದ್ದು ಭಾಷಣ ಬಿಗಿದ ಆ ಮಹಾನುಭಾವನಿಗೆ ಎಲೆಕ್ಟ್ರಾನಿಗೂ ಎಳ್ಳುಂಡೆಗೂ ವ್ಯತ್ಯಾಸ ಗೊತ್ತಿಲ್ಲವೆಂದು ನಾನು ಬರೆದುಕೊಡಬಲ್ಲೆ. ಅಕ್ಕನ ಫೋನಿನಲ್ಲಿ ಆ ಭಾಷಣದ ವಿಡಿಯೊ ಪೂರ್ತಿ ನೋಡಿದೆ. ಸ್ಟ್ರಿಂಗ್ ಥಿಯರಿಯ ಪ್ರಕಾರ ಜಗತ್ತೆಲ್ಲ ತಂತಿಗಳ ಕಂಪನವಂತೆ, ರೋಗವೆಂದರೆ ಅಪಸ್ವರವಂತೆ, ಅವನು ಮಾರುವ ತಾಮ್ರದ ತಂತಿಯನ್ನು ಮುಂಗೈಗೆ ಸುತ್ತಿಕೊಂಡರೆ ಸ್ವರ ಸರಿಹೋಗುತ್ತದಂತೆ. ವಿಜ್ಞಾನದ ಹೆಸರು ಹೇಳಿದರೆ ಸಾಕು, ನಮ್ಮ ಜನ ಕಣ್ಣು ಮುಚ್ಚಿ ಕೈ ಚಾಚುತ್ತಾರೆ.

ಬ್ಯಾಡಗಿಯ ಮನೆಯ ಪಡಸಾಲೆಯಲ್ಲಿ ಅಕ್ಕ ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತ ಕೂತಿದ್ದಳು. ಮುಂಗೈಯಲ್ಲಿ ಅದೇ ತಂತಿ. ಬಿಪಿ ಗುಳಿಗೆಯ ಪಟ್ಟಿ ಕಪಾಟಿನಲ್ಲಿ ಒಡೆಯದೆ ಬಿದ್ದಿತ್ತು.

"ಗುಳಿಗಿ ಯಾಕ ಬಿಟ್ಟೀಯವ್ವಾ? ಹೋದ ವರ್ಷ ತಲಿ ತಿರುಗಿ ಬಿದ್ದಿದ್ದು ಮರತೇನು?"

"ತಂತಿ ಕಟ್ಟೇನಲ್ಲೋ ತಮ್ಮಾ."

ರಾಣೆಬೆನ್ನೂರಿನ ಕಾಲೇಜಿನಲ್ಲಿ ಇಪ್ಪತ್ತೆಂಟು ವರ್ಷ ಭೌತಶಾಸ್ತ್ರ ಕಲಿಸಿದವನು ನಾನು. ಮೈಯೆಲ್ಲ ಉರಿದುಹೋಯಿತು. ಅಲ್ಲೇ ಪಾಠ ಶುರು ಮಾಡಿದೆ. ಎಲೆಕ್ಟ್ರಾನ್, ಕ್ವಾರ್ಕ್‌ನಂಥ ಮೂಲಕಣಗಳು ಚುಕ್ಕಿಗಳಲ್ಲ, ಅತಿ ಸಣ್ಣ ತಂತಿಯೊಂದರ ಬೇರೆ ಬೇರೆ ಕಂಪನಗಳು ಎನ್ನುತ್ತದೆ ಆ ಸಿದ್ಧಾಂತ. ಕಂಪನ ಬದಲಾದರೆ ಕಣದ ದ್ರವ್ಯರಾಶಿ, ವಿದ್ಯುದಂಶ ಬದಲಾದಾವು. ನಿನ್ನ ಬಿಪಿ ಅಲ್ಲ. ಅದನ್ನೇ ಮುಂದೆ ಬೆಳೆಸಿದ ಎಂ-ಥಿಯರಿಯವರು ತಂತಿಗಳ ಜೊತೆಗೆ ಹಾಳೆಯಂಥ ಪೊರೆಗಳನ್ನೂ ತಂದು, ಹನ್ನೊಂದು ಆಯಾಮ ಬೇಕೆಂದರು. ಲೆಕ್ಕ ಬಹಳ ಚೆಂದ. ಆದರೆ ಆ ತಂತಿಯನ್ನು ಯಾವ ಪ್ರಯೋಗವೂ ಇನ್ನೂ ತೋರಿಸಿಲ್ಲ.

ಅಕ್ಕನ ಕೈ ನಿಂತಿತು.

"ಯಾರೂ ನೋಡಿಲ್ಲೇನು? ಮತ್ತ ನೀ ರಿಟೈರ್ ಆದ ದಿನ ಸ್ಟೇಜಿನ ಮ್ಯಾಲ ಏಕತಾರಿ ಬಾರಿಸಿ, ಎಲ್ಲಾ ಇದರ ನಾದನ ಅಂದ್ಯಲ್ಲೋ? ಮುಂದಿನ ಸಾಲಿನ್ಯಾಗ ಕುಂತು ಕೇಳೇನಿ. ಈ ತಂತಿ ಮಾರಾಂವನೂ ಅದನ್ನ ಹೇಳಿದ. ನನ್ನ ತಮ್ಮ ಹೇಳಿದ್ದು ಖರೇ ಐತಿ ಅಂತ ತಗೊಂಡೆ."

ಅಂದು ಏಕತಾರಿ ಮೀಟಿದಾಗ ಸಭೆಯೆಲ್ಲ ಚಪ್ಪಾಳೆ ತಟ್ಟಿತ್ತು. ಇದಕ್ಕೆ ಪುರಾವೆ ಇಲ್ಲ ಎಂದರೆ ಸಭೆ ತಣ್ಣಗಾದೀತೆಂದು ಆ ಮಾತನ್ನು ಬೇಕೆಂದೇ ನುಂಗಿದ್ದೆ. ಕೊನೆಗೆ ನನಗೂ ಒಂದು ಜರಿ ಶಾಲು ಹೊದಿಸಿದ್ದರು. ನಾಚಿಕೆಯಾಯಿತು.

ಅಕ್ಕ ತಂತಿ ಬಿಚ್ಚಿ ನನ್ನ ಅಂಗೈಯಲ್ಲಿಟ್ಟಳು. ಎದ್ದು ಹೋಗಿ ನೀರಿನ ಲೋಟ ತಂದಳು.

"ಗುಳಿಗಿ ತಗೋತೀನಿ," ಎಂದಳು. "ನಿನ್ನ ಮಾತಿಗಲ್ಲ. ಡಾಕ್ಟರ್ ಮಾತಿಗೆ."