ಮಾರುವ ಮನೆಗೆ ಗಿಳಿಹಸಿರು

ನೆಲದಿಂದ ಮೂರಡಿ ಎತ್ತರದಲ್ಲಿ ಯಾರೂ ಫೋಟೋ ತೂಗುಹಾಕುವುದಿಲ್ಲ. ನಮ್ಮ ಕೊಟ್ಟೂರಿನ ಕಡೆ ಗೋಡೆಯ ಮೇಲೆ ಅಷ್ಟು ಕೆಳಗೆ ಎರಡು ಮೊಳೆಯ ತೂತು ಕಂಡರೆ, ಅಲ್ಲಿ ಯಾರನ್ನೋ ಕೂಡಿಸಿದ್ದರು ಎಂದು ತಿಳಿಯಬೇಕು. ನಮ್ಮ ಮಂದಿ ತೀರಿಕೊಂಡವರನ್ನು ಮಲಗಿಸುವುದಿಲ್ಲ. ಮೈ ತೊಳೆದು, ವಿಭೂತಿ ಹಚ್ಚಿ, ಗೋಡೆಗೆ ಬೆನ್ನು ಕೊಟ್ಟು ಕೂಡಿಸುತ್ತೇವೆ. ದೇಹ ವಾಲಬಾರದೆಂದು ಎರಡು ಮೊಳೆ ಹೊಡೆದು ಬಟ್ಟೆಯಿಂದ ಬಿಗಿಯುತ್ತೇವೆ. ಮಣ್ಣು ಮುಗಿಸಿ ಬಂದ ಮೇಲೆ ಮೊಳೆ ಕೀಳುತ್ತಾರೆ, ತೂತು ಹಾಗೇ ಇರುತ್ತದೆ.

ನನ್ನ ಮನೆಯ ಪಡಸಾಲೆಯ ಗೋಡೆಯಲ್ಲಿ ಅಂಥ ಎರಡು ತೂತುಗಳಿದ್ದವು. ಅವುಗಳ ನಡುವೆ ಅಂಗೈಯಗಲದ ಒಂದು ಜಿಡ್ಡಿನ ಗುರುತು. ತೂತುಗಳು ಒಂದೇ ದಿನದವು. ಗುರುತಿಗೆ ಹತ್ತೊಂಬತ್ತು ವರ್ಷ ಹಿಡಿದಿತ್ತು. ನನ್ನ ಹೆಂಡತಿ ದಿನಾ ಸಂಜೆ ಅಲ್ಲಿ ಕಾಲು ಚಾಚಿ ಕೂತು, ಎಣ್ಣೆ ಸುರಿಯುವ ತಲೆಯನ್ನು ಗೋಡೆಗೆ ಆನಿಸಿ, ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು, ಟಿವಿ ನೋಡುತ್ತಿದ್ದಳು, ನೋಡುತ್ತ ನೋಡುತ್ತ ತೂಕಡಿಸುತ್ತಿದ್ದಳು.

ಒಂದು ಬೆಳಿಗ್ಗೆ ಎದೆನೋವು ಎಂದವಳು ಆಸ್ಪತ್ರೆ ಮುಟ್ಟಲಿಲ್ಲ. ಮನೆಗೆ ತಂದಾಗ ಹಿರಿಯರು ಬಾಗಿಲಿಗೆ ನೇರ ಇದೆ, ಬಂದವರಿಗೆ ಕಾಣುತ್ತದೆ ಎಂದು ಆ ಜಾಗವನ್ನೇ ಆರಿಸಿದರು. ತಲೆಯನ್ನು ಗೋಡೆಗೆ ಆನಿಸಿದಾಗ ಅದು ತನ್ನ ಗುರುತಿಗೆ ತಾನೇ ಹೋಗಿ ಕೂತಿತು. ಮೊಳೆ ಹೊಡೆಯುವ ಗದ್ದಲದಲ್ಲಿ ಅದನ್ನು ನೋಡಿದವನು ನಾನೊಬ್ಬನೇ. ಅಂದಿನಿಂದ ಆ ಪಡಸಾಲೆಯಲ್ಲಿ ನಾನು ಕೂರುತ್ತಿರಲಿಲ್ಲ. ಅಡುಗೆಮನೆಯ ಕಟ್ಟೆಗೆ ನಿಂತು ಉಣ್ಣುತ್ತಿದ್ದೆ. ಹೊರಗೆ ಹೋಗಬೇಕಾದರೆ ಹಿತ್ತಿಲ ಬಾಗಿಲಿಂದ ಸುತ್ತುಹಾಕಿ ಹೋಗುತ್ತಿದ್ದೆ. ಮನೆ ಮಾರಬೇಕು, ಹರಪನಹಳ್ಳಿಯಲ್ಲಿ ಮಗಳ ಮನೆಯ ಓಣಿಯಲ್ಲೇ ಒಂದು ಕೋಣೆ ಹಿಡಿಯಬೇಕು, ಆ ಗೋಡೆ ಮತ್ತೆ ಕಣ್ಣಿಗೆ ಬೀಳಬಾರದು. ನನಗೆ ಬೇಕಾಗಿದ್ದುದು ಇಷ್ಟೇ. ಮಾರಾಟವಾಗದಿದ್ದರೆ ಸಾಯುವವರೆಗೂ ಕಳ್ಳನ ಹಾಗೆ ಹಿತ್ತಿಲಿಂದ ಓಡಾಡಬೇಕು ಎಂಬ ಹೆದರಿಕೆ ನಿಜಕ್ಕೂ ಹಿಡಿದಿತ್ತು.

ಮನೆ-ಸೈಟು ಕೊಡಿಸುವ ದಲ್ಲಾಳಿ ನನ್ನ ಹಳೆಯ ವಿದ್ಯಾರ್ಥಿ. ಜೆರಾಕ್ಸ್ ಅಂಗಡಿ ಇಟ್ಟುಕೊಂಡು ಅದರ ಜೊತೆ ಈ ದಂಧೆಯನ್ನೂ ಮಾಡುತ್ತಾನೆ. ಬಂದು ಪಡಸಾಲೆಯಲ್ಲಿ ನಿಂತು ತಲೆ ಕೆರೆದುಕೊಂಡ.

"ಸರ, ತಪ್ಪು ತಿಳ್ಕಾಬ್ಯಾಡ್ರಿ. ಮೊದ್ಲು ಒಳಗೆಲ್ಲ ಬಣ್ಣ ಹೊಡಸ್ರಿ. ಆ ಗ್ವಾಡಿ ನೋಡಿದ್ರ ಯಾರೂ ಮುಂದಕ್ಕ ಕಾಲಿಡಂಗಿಲ್ಲ."

"ಯಾವ ಬಣ್ಣ?" ಎಂದೆ.

"ಅದನ್ನ ನಾ ನಿಮಗ ಹೇಳಬೇಕೇನ್ರಿ?"

ಹೇಳಬೇಕಾಗಿರಲಿಲ್ಲ. ನಾನು ಮೂವತ್ತು ವರ್ಷ ಹೈಸ್ಕೂಲಿನ ಡ್ರಾಯಿಂಗ್ ಮಾಸ್ತರನಾಗಿದ್ದವನು. ಊರಲ್ಲಿ ಯಾರು ಮನೆ ಕಟ್ಟಿದರೂ ಹೊರಗೆ ನಿಂತು ಮೂಗು ಮುರಿಯುವುದು ನನ್ನ ಹಳೆಯ ಚಾಳಿ. ಒಂದು ಮನೆ ಬದನೆಕಾಯಿ ನೇರಳೆ, ಪಕ್ಕದ್ದು ಕಿತ್ತಳೆ, ಎದುರಿನದು ಮೈಲಾರದ ಭಂಡಾರ ಚೆಲ್ಲಿದ ಹಾಗೆ ಹಳದಿ. ಈ ಮಂದಿಗೆ ಕಣ್ಣಿವೆಯೋ ಇಲ್ಲವೋ ಎಂದು ಮನೆಗೆ ಬಂದು ಹೆಂಡತಿಯ ಮುಂದೆ ಕೂಗಾಡುತ್ತಿದ್ದೆ. ಅವಳು ಅಕ್ಕಿಯಲ್ಲಿ ಕಲ್ಲು ಹುಡುಕುತ್ತ ಕೇಳುತ್ತಿದ್ದಳು.

ಈ ಮನೆ ಕಟ್ಟಿದಾಗ ಅವಳು ಕೇಳಿದ್ದು ಒಂದೇ ಒಂದು. ಪಡಸಾಲೆಗೆ ಗಿಳಿಹಸಿರು ಬೇಕು. ನೀಲಗುಂದದಲ್ಲಿ ಅವಳ ತವರುಮನೆಯ ಪಡಸಾಲೆ ಆ ಬಣ್ಣದ್ದು. ಬಿಸಿಲಲ್ಲಿ ಹೊರಗಿಂದ ಬಂದರೆ ಕಣ್ಣಿಗೆ ತಣ್ಣಗಾಗುತ್ತದೆ ಎನ್ನುತ್ತಿದ್ದಳು. ನಾನು ಗಾರೆಯವರು, ಬಡಗಿ ಎಲ್ಲರ ಎದುರಿಗೇ ನಕ್ಕೆ.

"ಗಿಳಿ ಸಾಕಾಕಿ ಏನು? ಇದು ಮನಿನೋ, ಪಂಜರೋ?"

"ನಮ್ಮನೇಲಿ ಐತೆ, ಚೆಂದ ಕಾಣ್ತೈತೆ ಅಂತ ಹೇಳಿದೆ ಅಷ್ಟೇ," ಎಂದಳು. "ನಿಮಗೆ ತಿಳಿದಿರೋದು ನನಗೇನು ತಿಳೀತೈತೆ. ನಿಮ್ಮಿಷ್ಟ."

ನನ್ನಿಷ್ಟದಂತೆ ಇಡೀ ಮನೆಗೆ ಬಿಳಿ ಆಯಿತು. ಬಿಳಿಯ ಮೇಲೆ ಆರು ತಿಂಗಳಲ್ಲಿ ಅವಳ ತಲೆಯ ಎಣ್ಣೆ ಮೂಡಿತು. ತಲಿ ಹಚ್ಚಬ್ಯಾಡ, ಗ್ವಾಡಿ ಹೊಲಸಾಗತೈತಿ, ಎಂದು ನಾನು ಎಷ್ಟು ಸಲ ಬೈದಿರಬಹುದು? ಬೈದಾಗ ಎರಡು ದಿನ ಬೆನ್ನ ಹಿಂದೆ ಟವೆಲ್ ಇಟ್ಟುಕೊಳ್ಳುತ್ತಿದ್ದಳು, ಮೂರನೇ ದಿನ ಮರೆಯುತ್ತಿದ್ದಳು. ಒಮ್ಮೆ ಮಾತ್ರ ತಿರುಗಿ ಹೇಳಿದಳು, "ಹಸಿರು ಹಚ್ಚಿದ್ರೆ ಇಷ್ಟೊಂದು ಕಾಣ್ತಿರಲಿಲ್ಲ ನೋಡ್ರಿ." ನಗುತ್ತಲೇ ಹೇಳಿದಳು. ನಾನು ಓದುತ್ತಿದ್ದ ಪೇಪರಿನ ಪುಟ ತಿರುಗಿಸಿದೆ.

ದಲ್ಲಾಳಿ ಇಡೀ ಮನೆಗೆ ಬಣ್ಣ ಎಂದರೆ ನಾನು ನನ್ನ ಜಾಣತನ ತೋರಿಸಿದೆ. ಒಂದೇ ಗೋಡೆಗೆ ಬೇರೆ ಬಣ್ಣ ಹಚ್ಚುವುದು ಈಗಿನ ಶೋಕಿ, ನಾನೂ ಪುಸ್ತಕಗಳಲ್ಲಿ ನೋಡಿದ್ದೆ. ತೂತುಗಳಿಗೆ ಪುಟ್ಟಿ ತುಂಬಿ ಆ ಗೋಡೆಗಷ್ಟೇ ಬೂದುನೀಲಿ ಹೊಡೆಸಿದರೆ ಜಿಡ್ಡೂ ಮುಚ್ಚುತ್ತದೆ, ಪಡಸಾಲೆಗೂ ಒಂದು ಘನತೆ ಬರುತ್ತದೆ ಎಂದುಕೊಂಡೆ. ತಂಬ್ರಹಳ್ಳಿಯಿಂದ ಬಂದ ಪೇಂಟರ್ ನನ್ನಷ್ಟೇ ವಯಸ್ಸಾದವನು. ಡಬ್ಬಿ ತೆರೆಯದೆ ನಿಂತುಕೊಂಡ.

"ಒಂದ ಗ್ವಾಡಿಗೇನ್ರಿ ಸರ? ಬ್ಯಾಡ್ರಿ. ಮಂದಿ ಬ್ಯಾರೇನ ತಿಳ್ಕಂತಾರ."

"ಬಣ್ಣದ ವಿಚಾರ ನನಗ ಬಿಡಪ್ಪ," ಎಂದೆ. ಅವನು ಬಿಟ್ಟ.

ಮೊದಲು ಬಂದವರು ಕೂಡ್ಲಿಗಿಯವರು. ಕಿರಾಣಿ ವ್ಯಾಪಾರಿ, ಅವನ ಹೆಂಡತಿ, ಮುದುಕಿ ತಾಯಿ. ಗಂಡಹೆಂಡತಿ ನೀರಿನ ಟ್ಯಾಂಕು, ಅಡುಗೆಮನೆಯ ಮೂಲೆ ನೋಡಲು ಹೋದರು. ಮುದುಕಿ ಪಡಸಾಲೆಯಲ್ಲೇ ನಿಂತು ನಾಲ್ಕೂ ಗೋಡೆ ನೋಡಿದಳು. ಆಮೇಲೆ ನೀಲಿ ಗೋಡೆಯ ಹತ್ತಿರ ಹೋಗಿ, ಸೊಂಟ ಬಗ್ಗಿಸಿ, ಪುಟ್ಟಿ ತುಂಬಿದ ಜಾಗವನ್ನು ಬೆರಳಲ್ಲಿ ಸವರಿದಳು.

"ಮೂರು ಗ್ವಾಡಿ ಹಳೇವದಾವು, ಇದೊಂದಕ್ಕ ಹೊಸ ಬಣ್ಣ. ಯಾರನ್ನ ಕೂಡ್ಸಿದ್ರಿ ಇಲ್ಲಿ?"

"ನನ್ನ ಹೆಂಡ್ತಿನ."

"ನಕ್ಷತ್ರ ಚಲೋ ಇತ್ತೇನಪ್ಪ?"

ಕೆಟ್ಟ ನಕ್ಷತ್ರದಲ್ಲಿ ಜೀವ ಹೋದರೆ ಮನೆಗೆ ಬೀಗ ಹಾಕಿ ತಿಂಗಳುಗಟ್ಟಲೆ ಬೇರೆ ಕಡೆ ಇರುವ ಪದ್ಧತಿ ನಮ್ಮಲ್ಲಿದೆ. ಮುದುಕಿ ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ನನ್ನ ಹೆಂಡತಿ ಹೋದದ್ದು ಒಳ್ಳೆಯ ನಕ್ಷತ್ರದಲ್ಲೇ. ಅಷ್ಟು ಹೇಳಿದ್ದರೆ ಮುಗಿಯುತ್ತಿತ್ತು. ನನಗೆ ಸಿಟ್ಟು ನೆತ್ತಿಗೇರಿತು.

"ಪಂಚಾಂಗ ನೋಡ್ಕೊಂಡು ಸಾಯಾಕ ಆಕಿಗೆ ಪುರುಸೊತ್ತಿರಲಿಲ್ಲ," ಎಂದೆ.

ಕಾಸಿದ ಚಹಾ ಕುಡಿಯದೆ ಹೊರಟರು. ಗೇಟಿನ ಹತ್ತಿರ ಮುದುಕಿ ನಿಂತು ಹೇಳಿದಳು, "ಸಾವಿಗೆ ನಾವು ಅಂಜಂಗಿಲ್ಲಪ್ಪ. ಮುಚ್ಚಿಟ್ರಿ ನೋಡು, ಅದಕ್ಕ ಅಂಜಿಕಿ."

ಆಮೇಲೆ ಬಂದ ಇನ್ನೆರಡು ಮನೆಯವರೂ ಅದೇ ಗೋಡೆಯ ಮುಂದೆ ನಿಂತರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನು ನಾನು. ಬಿಳಿ ಗೋಡೆಯನ್ನು ಹಾಗೇ ಬಿಟ್ಟಿದ್ದರೆ ಹತ್ತರಲ್ಲಿ ಒಬ್ಬರು ಗಮನಿಸುತ್ತಿದ್ದರು, ಈಗ ಬಂದವರೆಲ್ಲ ಮೊದಲು ನೋಡುವುದೇ ಅದನ್ನು. "ನೀವು ಹೇಳಿ ಕೇಳಿ ಡ್ರಾಯಿಂಗ್ ಮಾಸ್ತರು..." ಎಂದು ಶುರುಮಾಡಿದ ದಲ್ಲಾಳಿ, ನನ್ನ ಮುಖ ನೋಡಿ ಅಲ್ಲಿಗೇ ನಿಲ್ಲಿಸಿದ.

ತಿಂಗಳೊಪ್ಪತ್ತಿನಲ್ಲಿ ಇನ್ನೊಂದಾಯಿತು. ಒಂದು ಮಧ್ಯಾಹ್ನ ಕರೆಂಟ್ ಹೋದಾಗ ಮೀಟರ್ ನೋಡಲು ಪಡಸಾಲೆಗೆ ಬಂದೆ. ನೀಲಿಯ ಒಳಗಿಂದ ಜಿಡ್ಡು ಎದ್ದು ಬಂದಿತ್ತು. ಅದೇ ಅಂಗೈಯಗಲ, ಅದೇ ಎತ್ತರ. ಬೇಸರವಾಗಬೇಕಿತ್ತು. ಆಗಲಿಲ್ಲ, ಹೇಳಲು ನಾಚಿಕೆಯಾಗುವಷ್ಟು ಸಂತೋಷವಾಯಿತು. ಅವಳು ಹೋದ ಮೇಲೆ ಮೊದಲ ಸಲ ಪಡಸಾಲೆಯ ನೆಲದ ಮೇಲೆ ಕೂತೆ. ಗುರುತಿನ ಪಕ್ಕಕ್ಕೆ ಬೆನ್ನು ಆನಿಸಿದೆ, ತಲೆ ಆನಿಸಲು ಧೈರ್ಯವಾಗಲಿಲ್ಲ. ಕರೆಂಟ್ ಬರುವವರೆಗೂ ಅಲ್ಲೇ ಇದ್ದೆ. ಅಂದೇ ದಲ್ಲಾಳಿಗೆ ಫೋನು ಮಾಡಿ ಮನೆ ಮಾರುವುದಿಲ್ಲ ಎಂದು ಹೇಳಬೇಕಿತ್ತು. ಹೇಳಲಿಲ್ಲ. ಮರುದಿನ ಬೆಳಿಗ್ಗೆ ಮತ್ತೆ ಹಿತ್ತಿಲ ಬಾಗಿಲಿಂದಲೇ ಹೋದೆ, ಬರುವಾಗ ಪೇಂಟರನ್ನು ಕರೆತಂದೆ.

"ಇದು ಎಣ್ಣಿ, ಸರ. ಮ್ಯಾಲ ಎಷ್ಟು ಹೊಡದ್ರೂ ಎದ್ದು ಬರತೈತಿ. ಸಿಮೆಂಟಿನ ಗಿಲಾವಿನ ತನಕ ಕೆರೀಬೇಕು," ಎಂದ.

"ಎಷ್ಟೊತ್ತಿನ ಕೆಲಸ?"

"ಹತ್ತು ನಿಮಿಷ್ದಾಗ ಮುಗೀತೈತಿ."

"ಕೆರಿ," ಎಂದೆ. ಆ ಮಾತು ಬೇರೆ ಯಾರೂ ನನ್ನ ಬಾಯಿಂದ ಆಡಿಸಲಿಲ್ಲ. ನಾನೇ ಆಡಿದ್ದು. ಹೊರಗೆ ಹೋಗಿ ಬೇವಿನ ಗಿಡದ ಕೆಳಗೆ ನಿಂತೆ. ಒಳಗಿಂದ ಗೋಡೆ ಕೆರೆಯುವ ತಗಡಿನ ಸದ್ದು ಬರುತ್ತಿತ್ತು. ಸದ್ದು ನಿಂತ ಮೇಲೆ ಒಳಗೆ ಬಂದರೆ ಸಿಮೆಂಟು ಕಾಣುತ್ತಿತ್ತು. ಕೆರೆದ ಚಕ್ಕೆಗಳನ್ನು ಅವನಾಗಲೇ ಗುಡಿಸಿ ಗೋಣಿಚೀಲಕ್ಕೆ ತುಂಬಿದ್ದ. ಒಂದು ಚಕ್ಕೆ ಎತ್ತಿಟ್ಟುಕೊಳ್ಳಲೇ ಎಂದು ಬಗ್ಗಿದೆ. ಯಾವುದು ಅವಳದು, ಯಾವುದು ಬರೀ ಗೋಡೆಯದು, ಗೊತ್ತಾಗಲಿಲ್ಲ.

ಪೇಂಟರ್ ಶೇಡ್ ಕಾರ್ಡು ಬಿಚ್ಚಿ ಮುಂದೆ ಹಿಡಿದ. ಈ ಸಲ ಇಡೀ ಮನೆಗೆ, ಎಲ್ಲ ಕೋಣೆಗೂ ಒಂದೇ ಬಣ್ಣ ಎಂದು ತೀರ್ಮಾನವಾಗಿತ್ತು. ಕೆನೆ, ದಂತ, ಮೊಸರು, ಹೀಗೆ ನನಗೆ ಒಪ್ಪುವ ಬಣ್ಣಗಳೆಲ್ಲ ಮೊದಲ ಪುಟದಲ್ಲೇ ಇದ್ದವು. ನನ್ನ ಬೆರಳು ನಾಲ್ಕನೇ ಪುಟಕ್ಕೆ ಹೋಯಿತು.

"ಗಿಳಿಹಸ್ರು," ಎಂದ ಅವನು. ಒಂದು ಗಳಿಗೆ ನನ್ನನ್ನೇ ನೋಡಿದ. "ಚಲೋ ಐತಿ ಬಿಡ್ರಿ. ಹಳ್ಳಿ ಕಡಿ ಮಂದಿಗೆ ಸೇರತೈತಿ."

ಬೇಗ ಮಾರಾಟವಾಗಲಿ ಎಂದು ಆರಿಸಿದೆ ಎಂದು ದಲ್ಲಾಳಿಗೆ ಹೇಳಿದೆ. ಸುಳ್ಳು. ಇಷ್ಟು ವರ್ಷ ಕೊಡದಿದ್ದುದನ್ನು ಈಗ ಕೊಟ್ಟು ಋಣ ಹರಿದುಕೊಳ್ಳಬಹುದು ಎಂಬ ದುರಾಸೆ. ನಾಲ್ಕು ದಿನದಲ್ಲಿ ಎರಡು ಕೋಟು ಮುಗಿಯಿತು. ಕಿಟಕಿ ತೆರೆದಾಗ ಪಡಸಾಲೆಗೆ ಬಿಸಿಲು ಬಿತ್ತು, ನಿಜಕ್ಕೂ ಕಣ್ಣಿಗೆ ತಣ್ಣಗಾಯಿತು. ಅವಳು ಹೇಳಿದ್ದು ಸರಿ ಇತ್ತು. ಬಣ್ಣ ಕಲಿಸಿದ ಮಾಸ್ತರನಿಗೆ ಅದು ತಿಳಿಯಲು ಅವಳು ಸಾಯಬೇಕಾಯಿತು.

ಮನೆ ಖಾಲಿಯಿದ್ದರೆ ಬೇಗ ಹೋಗುತ್ತದೆ ಎಂದು ದಲ್ಲಾಳಿ ಹೇಳಿದ್ದರಿಂದ, ಸಾಮಾನು ಕಟ್ಟಲು ಹರಪನಹಳ್ಳಿಯಿಂದ ಮಗಳು ಬಂದಳು. ಚಪ್ಪಲಿ ಬಿಟ್ಟು ಒಳಗೆ ಬಂದವಳು ಹೊಸ್ತಿಲ ಮೇಲೇ ನಿಂತಳು. ಗೋಡೆ ನೋಡಿದಳು, ನನ್ನನ್ನು ನೋಡಿದಳು.

"ಅವ್ವ ಕೇಳಿದಾಗ ಹಚ್ಚಿದ್ರ ನಿಮ್ಮ ಗಂಟೇನು ಹೋಗ್ತಿತ್ತಪ್ಪ?"

ಅವಳು ಗೋಡೆಯ ಹತ್ತಿರ ಹೋಗಿ ಕೈಯಾಡಿಸಿ ಮತ್ತೆ ತಿರುಗಿದಳು. "ಅವ್ವನ ತಲಿ ಗುರುತು?"

"ಕೆರೆಸಿದೆ."

ಅವಳು ಅಳಲಿಲ್ಲ. ಪಾತ್ರೆ ಕಟ್ಟುವುದಕ್ಕೆ ಒಳಗೆ ಹೋದಳು. ಅಂದು ಊಟಕ್ಕೆ ಕರೆದಾಗ ತಟ್ಟೆ ಕಟ್ಟೆಯ ಮೇಲಿಟ್ಟು, ನನ್ನ ಕಡೆ ನೋಡದೆ ಆಚೆ ಹೋದಳು.

ಮನೆ ಕೊಂಡವರು ಹಡಗಲಿ ಕಡೆಯ ಗಂಡಹೆಂಡತಿ. ಆಕೆ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸು, ಅವನು ಹಾಸ್ಟೆಲ್ ವಾರ್ಡನ್. ಖಾಲಿ ಪಡಸಾಲೆಯಲ್ಲಿ ಒಂದು ಸುತ್ತು ಹಾಕಿ ಮಾತು ಮುಗಿಸಿಬಿಟ್ಟರು. ಈ ಸಲ ಮುಚ್ಚಿಡಬಾರದೆಂದು ನಾನೇ ಹೇಳಿದೆ, ಹೆಂಡತಿ ತೀರಿಕೊಂಡದ್ದು, ಇದೇ ಪಡಸಾಲೆಯಲ್ಲಿ ಕೂಡಿಸಿದ್ದು.

"ಅದಕ್ಕೇನಾತ್ರಿ ಸರ," ಎಂದಳು ಆಕೆ. "ನಾನು ದಿನಾ ನೋಡಾಕಿ. ಮನುಷ್ಯಾರು ಇದ್ದ ಮನಿಯಾಗ ಸಾವು ಇದ್ದದ್ದ. ಅದನ್ನ ಮರೆಮಾಡಾಕ ಇಷ್ಟೆಲ್ಲ ಬಣ್ಣ ಹೊಡಸಿದ್ರೇನು? ಹಂಗ ಬಿಟ್ಟಿದ್ರೂ ತಗಂತಿದ್ವಿ."

ಗಂಡ ಮೆಲ್ಲಗೆ ನಕ್ಕ. "ಬಣ್ಣ ಮಾತ್ರ ಬದ್ಲಿ ಮಾಡ್ತೀವ್ರಿ ಸರ. ಬಿಳಿ ಹೊಡಸ್ತೀವಿ. ಈಕಿಗೆ ದವಾಖಾನ್ಯಾಗ ಹಸ್ರು ಪರದಿ ನೋಡಿ ನೋಡಿ ಸಾಕಾಗೈತಿ."

ಹಾಗೇ ಬಿಟ್ಟಿದ್ದರೂ ತೆಗೆದುಕೊಳ್ಳುತ್ತಿದ್ದರು. ನಾನು ಗೋಡೆಯನ್ನೇ ನೋಡುತ್ತ ನಿಂತೆ. ಆಕೆಗೆ ನನ್ನ ಮುಖದಲ್ಲಿ ಏನು ಕಂಡಿತೋ, ಹತ್ತಿರ ಬಂದಳು.

"ಅಮ್ಮಾರನ್ನ ಎಲ್ಲಿ ಕೂಡ್ಸಿದ್ರಿ, ಸರ? ಜಾಗ ತೋರಿಸ್ರಿ. ಮನಿಗೆ ಬಂದ ದಿನ ಅಲ್ಲಿ ಒಂದು ಹೂ ಇಟ್ಟು ಒಳಗ ಬರ್ತೀವಿ."

ನಾನು ಗೋಡೆಯ ಮುಂದೆ ಮೊಣಕಾಲೂರಿ ಕೂತೆ. ಟಿವಿ ಇರಲಿಲ್ಲ, ಮಂಚ ಇರಲಿಲ್ಲ, ಅಳತೆ ಹಿಡಿಯಲು ಒಂದು ಸಾಮಾನೂ ಉಳಿದಿರಲಿಲ್ಲ. ಇಲ್ಲಿ ಎಂದು ಕೈ ಇಟ್ಟೆ. ಅಲ್ಲ ಎನಿಸಿ ಒಂದು ಗೇಣು ಆಚೆ ಇಟ್ಟೆ. ಮತ್ತೆ ಈಚೆ ತಂದೆ. ಪುಟ್ಟಿ ಎಲ್ಲಿ ಮುಗಿದು ಗೋಡೆ ಎಲ್ಲಿ ಶುರುವಾಗುತ್ತದೆ, ಬೆರಳಿಗೆ ಸಿಗಲಿಲ್ಲ. ಪೇಂಟರ್ ಅಷ್ಟು ನಯವಾಗಿ ಕೆಲಸ ಮಾಡಿದ್ದ. ಆಕೆ ಕಾಯುತ್ತ ನಿಂತಿದ್ದಳು.

"ಇಲ್ಲೇ ಎಲ್ಲೋ, ತಾಯಿ," ಎಂದೆ.