ತೊಗರಿ ಧರ್ಮ

ತೊಗರಿ ಹೂ ಬಿಡುವ ದಿನಗಳಲ್ಲಿ ಆಳಂದದಿಂದ ನಾನು ಪಾಠ ಮಾಡುವ ಹೈಸ್ಕೂಲಿಗೆ ಹೋಗುವ ಬಸ್ಸಿನಲ್ಲಿ ನಾನು ಪೂರ್ತಿ ಎಚ್ಚರವಿರುತ್ತಿದ್ದೆ ಎಂದು ಹೇಳಲಾರೆ. ಎರಡೂ ಬದಿಗೆ ಹಳದಿ, ಮೇಲೆ ತೆಳು ಮಂಜು. ಹೊಲ ಎಲ್ಲಿ ಮುಗಿಯಿತು, ಆಕಾಶ ಎಲ್ಲಿ ಶುರುವಾಯಿತು ತಿಳಿಯುತ್ತಿರಲಿಲ್ಲ. ಆ ವರ್ಷ ನಡೆದದ್ದೆಲ್ಲ ನನಗೆ ಈಗಲೂ ಆ ಮಂಜಿನೊಳಗೇ ಕಾಣುತ್ತದೆ. ಸಿಟ್ಟು ಮಾತ್ರ ನಿಚ್ಚಳವಾಗಿದೆ.

ಸಿಟ್ಟು ನಮ್ಮ ಹೆಡ್‌ಮಾಸ್ತರರ ಮೇಲೆ. ಮಕ್ಕಳ ಮೈಮೇಲೆ ಯಾವ ಧರ್ಮದ ಗುರುತೂ ಕಾಣಬಾರದು ಎಂದು ಅವರು ಒಂದು ಮುಂಜಾನೆ ಪ್ರಾರ್ಥನೆಯ ಹೊತ್ತಿಗೆ ಸಾರಿಬಿಟ್ಟರು. ಒಂಬತ್ತನೆಯ ತರಗತಿಯಲ್ಲಿ ಆಗಷ್ಟೇ ಲಿಂಗದೀಕ್ಷೆಯಾದ ಹುಡುಗಿಯೊಬ್ಬಳಿದ್ದಳು. ಬಿಳಿ ವಸ್ತ್ರದಲ್ಲಿ ಕಟ್ಟಿದ ಇಷ್ಟಲಿಂಗ ಅವಳ ಕೊರಳಲ್ಲಿ. ಅದನ್ನು ಮೈಯಿಂದ ಅಗಲಿಸುವ ಮಾತೇ ಇಲ್ಲ. ಹೋಗಲಿ, ಒಳಗೆ ಮುಚ್ಚಿಕೋ ಎಂದರೆ, “ಇದೇನು ಕದ್ದ ಮಾಲೇನ್ರಿ ಸರ?” ಎಂದು ಕೇಳಿ ಮನೆಗೆ ಹೋದವಳು ಮರಳಿ ಬರಲಿಲ್ಲ.

ಅವಳ ಬೆಂಚಿನ ಗೆಳತಿ ಬೌದ್ಧರ ಮನೆಯ ಹುಡುಗಿ, ಭಾರಿ ಕಿಲಾಡಿ. ಪಕ್ಕದ ಖಾಲಿ ಜಾಗ ನೋಡಿ ನೋಡಿ ಅವಳ ಮುಖ ಸಪ್ಪಗಾಗಿತ್ತು. “ಆಕಿ ಬರೂತನಕ ನಾ ಸುಮ್ಮನಿರಂಗಿಲ್ರಿ ಮೇಡಂ” ಎಂದಳು ನನ್ನೆದುರು. ಶನಿವಾರದ ಚರ್ಚೆಗೆ ಹೆಡ್‌ಮಾಸ್ತರರು ಕೊಟ್ಟ ವಿಷಯವೂ ಅದೇ: ಶಾಲೆಯಲ್ಲಿ ಧರ್ಮದ ಗುರುತು ಬೇಕೋ ಬೇಡವೋ. ಇವಳು ಕಿವಿಯ ಮೇಲೆ ತೊಗರಿ ಹೂವಿನ ಗೊಂಚಲು ಸಿಕ್ಕಿಸಿಕೊಂಡು ಎದ್ದು ನಿಂತಳು.

“ನಂದು ತೊಗರಿ ಧರ್ಮರಿ. ನಿನ್ನಿ ಹುಟ್ಯಾದ. ಬ್ಯಾಳಿನೇ ನಮ್ಮ ದೇವರು, ಬಿಸಿಯೂಟದ ಗಂಟಿ ಸಪ್ಪಳನೇ ಮಂತ್ರ. ಸಾರು ನೀರ ಮಾಡಿದವ್ರಿಗಿ ನರಕ ಗ್ಯಾರಂಟಿ. ಈ ಹೂವು ತಗಿ ಅಂದ್ರ ನಮ್ಮ ದೇವರಿಗಿ ಸಿಟ್ಟ ಬರ್ತದ್ರಿ.”

ಶಾಲೆಗೆ ಶಾಲೆಯೇ ಬಿದ್ದು ಬಿದ್ದು ನಕ್ಕಿತು. ನಾನೂ ಸೆರಗಿನಲ್ಲಿ ಕಣ್ಣು ಒರೆಸಿಕೊಂಡೆ. ಸೋಮವಾರ ನೋಡಿದರೆ ಎಲ್ಲರ ಕಿವಿಯ ಮೇಲೂ ಹಳದಿ. ಸಾರಿನ ಮುಂದೆ ಕಣ್ಣು ಮುಚ್ಚಿ ಕೂತವರೇನು, ಬೇಳೆ ಹುಡುಕಿ ನಮಸ್ಕಾರ ಮಾಡಿದವರೇನು. ಮಾತು ಸಂಜೆಯೊಳಗೆ ಊರೆಲ್ಲ ಹಬ್ಬಿತು.

ಮರುದಿನ ಹೆಡ್‌ಮಾಸ್ತರರು ಕೆಂಡವಾಗಿ ಎಲ್ಲ ಹೂವನ್ನೂ ಬುಟ್ಟಿಯಲ್ಲಿ ಹಾಕಿಸಿದರು. ಕಸದ ಗುಂಡಿಗೆ ಸುರಿಯಲು ತಾವೇ ಹೊತ್ತು ನಡೆದರು. ನಾನು ಕಿಟಕಿಯಲ್ಲಿ ನಿಂತಿದ್ದೆ. ಗುಂಡಿಯ ಹತ್ತಿರ ಹೋದವರು ಯಾಕೋ ತಡೆದು ನಿಂತರು. ಅವರದು ಜೇವರ್ಗಿ ಕಡೆಯ ಒಕ್ಕಲುತನದ ಮನೆ. ಎಳ್ಳಮಾವಾಸ್ಯೆಗೆ ನಮ್ಮ ಕಡೆಯವರೆಲ್ಲ ಹೊಲಕ್ಕೆ ಹೋಗಿ, ಭೂಮಿತಾಯಿಗೆಂದು ಬೆಳೆಯ ಮೇಲೆ ಅಡುಗೆ ಎರಚಿ ಬರುತ್ತೇವೆ. ಚರಗ ಚೆಲ್ಲುವುದು ಎನ್ನುತ್ತೇವೆ. ಹೆಡ್‌ಮಾಸ್ತರರು ಚಪ್ಪಲಿ ಕಳಚಿದರು. ಬೇಲಿ ದಾಟಿ ಬರಿಗಾಲಲ್ಲಿ ಪಕ್ಕದ ಹೊಲಕ್ಕಿಳಿದು, ಹೂವನ್ನು ಹಿಡಿ ಹಿಡಿಯಾಗಿ ಚೆಲ್ಲುತ್ತ ಹೋದರು. ಮಂಜಿನಲ್ಲಿ ಅವರ ಕೈ ಮೇಲೇಳುವುದಷ್ಟೇ ಕಾಣುತ್ತಿತ್ತು. ನಾನು ಕನಸು ಕಾಣುತ್ತಿದ್ದೇನೆ ಎಂದುಕೊಂಡೆ.

ಬಂದವರು ನನ್ನ ಮುಖ ನೋಡದೆ, “ಆ ಹುಡುಗಿಗಿ ಬರ್ಲಾಕ ಹೇಳ್ರಿ. ಇದ್ದಂಗ ಬರ್ಲಿ” ಎಂದರು. ನನ್ನ ಸಿಟ್ಟು ಅಲ್ಲೇ ಇಳಿಯಿತು.

ಮರುದಿನ ಅವಳು ಬಂದಳು, ಲಿಂಗ ಕೊರಳಲ್ಲೇ. ಕಿಲಾಡಿ ಹುಡುಗಿ ಬೆಂಚು ಒರೆಸಿ, ಬ್ಯಾಗು ಸರಿಸಿ ಕಾಯುತ್ತಿದ್ದಳು. ಬಂದವಳು ಕೂಡಲಿಲ್ಲ.

“ನನ್ನ ಸಲುವಾಗಿ ಮಾಡಿದಿ, ಗೊತ್ತದ.”

“ಮತ್ತ ಸಿಟ್ಯಾಕ ಬೇ?”

“ಮುಂಜಾನಿ ಲಿಂಗ ಅಂಗೈ ಮ್ಯಾಲ ಇಟ್ಕೊಂಡು ಪೂಜಿಗಿ ಕುಂತಿದ್ದೆ. ನಿನ್ನ ಸಾರಿನ ನರಕ ನೆನಪಾಯ್ತು. ನಕ್ಕಬಿಟ್ಟೆ.”

ಅಷ್ಟು ಹೇಳುವುದರೊಳಗೆ ಅವಳ ಕಣ್ಣು ತುಂಬಿದವು. ಹೋಗಿ ಕೊನೆಯ ಬೆಂಚಿನಲ್ಲಿ ಒಬ್ಬಳೇ ಕೂತಳು. ಅವತ್ತು ನಾನು ಪಾಠ ಮಾಡಲಿಲ್ಲ.