ತುಕಾರಾಮನ ದ್ರಾಕ್ಷಿ ಎಡಕ್ಕಿರುತ್ತದೆ

ಕಲಬುರಗಿಯ ನಮ್ಮ ವೈದ್ಯಕೀಯ ಕಾಲೇಜಿನ ಸ್ಕ್ಯಾನಿಂಗ್ ವಿಭಾಗದಲ್ಲಿ ರೋಗಿಗಳನ್ನು ತಯಾರಿಸುವ ಕೆಲಸ ತುಕಾರಾಮನದು. ಗಾಬರಿಯಾಗಬೇಡಿ, ಆತ ಅಟೆಂಡರ್. ಸ್ಕ್ಯಾನ್ ನೋಡುತ್ತ ಸೂಜಿ ಹಾಕುವುದನ್ನು ಕಲಿಯುವ ಎಳೆಯ ಡಾಕ್ಟರುಗಳಿಗೆ ಜೀವಂತ ಕುತ್ತಿಗೆ ಕೊಡುವವರು ಯಾರು? ಹಾಗಾಗಿ ಆತ ಮೋಮಿನಪುರದ ಅಂಗಡಿಯಿಂದ ಜೆಲ್ಲಿ ಮಾಡುವ ಚೈನಾಗ್ರಾಸ್ ತಂದು, ಕುದಿಸಿ, ಸ್ಟೀಲ್ ಡಬ್ಬಿಯಲ್ಲಿ ಗಟ್ಟಿಯಾಗಲು ಬಿಡುತ್ತಾನೆ. ಒಳಗೊಂದು ದ್ರಾಕ್ಷಿ, ಪಕ್ಕದಲ್ಲಿ ತನ್ನೂರು ಕಮಲಾಪುರದ ಕೆಂಪು ಬಾಳೆಹಣ್ಣು. ದ್ರಾಕ್ಷಿಯೆಂದರೆ ಗಂಟು, ಬಾಳೆಹಣ್ಣೆಂದರೆ ರಕ್ತನಾಳ. ಪರದೆಯ ಮೇಲೆ ಗಂಟಿನ ಅಳತೆ ತೆಗೆದು, ಬಾಳೆಹಣ್ಣಿಗೆ ತಾಗದಂತೆ ಅದಕ್ಕೆ ಸೂಜಿ ಮುಟ್ಟಿಸಿದವರು ಪಾಸು.

ಈ ಫಲಾಹಾರವನ್ನು "ತರಬೇತಿ ಉಪಕರಣ" ಎಂದು ಮಂಜೂರು ಮಾಡಿಸುವ ಗುಮಾಸ್ತ ನಾನು. ವಿಜ್ಞಾನಕ್ಕೆ ನನ್ನದೂ ಕಾಣಿಕೆ ಇರಲೆಂದು ಒಮ್ಮೆ ಹೊಟ್ಟೆಯನ್ನೇ ಒಡ್ಡಿದ್ದೆ. ಕೊಬ್ಬಿನ ಆಚೆ ಏನೂ ಕಾಣದೆ ಎಬ್ಬಿಸಿ ಕಳಿಸಿದರು.

ತುಕಾರಾಮನ ಮನಸ್ಸು ಆತನ ಚೈನಾಗ್ರಾಸಿಗಿಂತ ಮೆತ್ತಗೆ. ಪರೀಕ್ಷೆ ಬಂದಾಗ ಎಳೆಯ ಡಾಕ್ಟರುಗಳು "ಅಣ್ಣಾ, ದ್ರಾಕ್ಷಿ ಎಲ್ಲಿ ಇಡ್ತೀರಿ?" ಎಂದು ಮುಖ ಸಣ್ಣ ಮಾಡಿದರೆ ಕರಗಿಬಿಡುತ್ತಿದ್ದ. ಕಡೆಗೆ, ಪಾಪ, ಅವರಿಗೆ ಕೇಳುವ ಕಷ್ಟವೂ ಬೇಡವೆಂದು ದ್ರಾಕ್ಷಿಯನ್ನು ಯಾವಾಗಲೂ ಡಬ್ಬಿಯ ಎಡಗಡೆ, ಅಂಚಿನಿಂದ ಎರಡು ಬೆರಳು ಬಿಟ್ಟು ಇಡತೊಡಗಿದ. ಫಲಿತಾಂಶ ಏರಿತು, ವಿಭಾಗಕ್ಕೆ ಹೊಗಳಿಕೆ ಬಂತು. ಇಷ್ಟಾದರೂ ಬಾಳೆಹಣ್ಣಿಗೇ ಚುಚ್ಚುತ್ತಿದ್ದವರು ಡಾಕ್ಟರ್ ಉಜೈರ್ ಒಬ್ಬರೇ.

ಹೋದ ವರ್ಷ ತುಕಾರಾಮನ ಕುತ್ತಿಗೆಯಲ್ಲೇ ಒಂದು ಗಂಟು ಎದ್ದಿತು. ಬಲಗಡೆ. ಸೂಜಿ ಹಾಕಿ ಒಳಗಿನದನ್ನು ಪರೀಕ್ಷೆಗೆ ಕಳಿಸಬೇಕೆಂದರು ದೊಡ್ಡ ಡಾಕ್ಟರು. ಕ್ಯಾನ್ಸರ್ ಎಂಬ ಮಾತನ್ನು ಯಾರೂ ಆಡಲಿಲ್ಲ, ಎಲ್ಲರಿಗೂ ಕೇಳಿಸಿತು. ಸೂಜಿಯ ದಿನ ಪಾಳಿ ಡಾಕ್ಟರ್ ಉಜೈರ್ ಅವರದು.

ಧೈರ್ಯ ಹೇಳಲು ನಾನು ಕಮಲಾಪುರಕ್ಕೆ ಹೋದೆ. ಆತನ ಹೆಂಡತಿ ಶಿವಕಾಂತಮ್ಮ ನನ್ನೆದುರೇ ಶುರು ಮಾಡಿದಳು.

"ಡಾಕ್ಟರ್‌ಗಳ್ನ ತಯಾರ್ ಮಾಡೋನೇ ನಾನು ಅಂತ ಓಣಿ ತುಂಬ ಹೇಳ್ಕೋತ ತಿರಗ್ತಿದ್ದಿರಿ. ಈಗ ಅವ್ರ ಕೈಯಾಗ ಕುತ್ತಿಗಿ ಕೊಡ್ಲಾಕ ಯಾಕ ನಡಗ್ಲಾಕತ್ತೀರಿ?"

"ಅವ್ರಿಗಿ ಎಡಕ್ಕ ಅಷ್ಟೇ ಬರ್ತದ," ತುಕಾರಾಮ ಗೋಡೆ ನೋಡುತ್ತ ಹೇಳಿದ. "ನಂದು ಬಲಕ್ಕ ಅದ."

"ಹಂಗಾರ ತಿರುಗಿ ಮಲ್ಕೋರಿ."

ಸೊಲ್ಲಾಪುರಕ್ಕೆ ಹೋಗಿ ತೋರಿಸೋಣವೇ ಎಂದೆ.

"ಅಲ್ಲೂ ಯಾರರ ಒಬ್ಬ ತುಕಾರಾಮ ಇದ್ದೇ ಇರ್ತಾನ್ರಿ ಸಾಹೇಬ್ರ," ಎಂದ.

ಸೂಜಿಯ ದಿನ ಧೈರ್ಯಕ್ಕೆಂದು ನನ್ನನ್ನೂ ಒಳಗೆ ಬಿಟ್ಟರು. ನಾನು ಕಣ್ಣು ಮುಚ್ಚಿಕೊಂಡಿದ್ದೆನಾದ್ದರಿಂದ ಕೇಳಿಸಿದ್ದನ್ನಷ್ಟೇ ಬರೆಯುತ್ತೇನೆ.

"ಡಾಕ್ಟರ್ ಸಾಹೇಬ್ರ, ಬಲಕ್ಕ ಅದರೀ."

"ಗೊತ್ತದ, ತುಕಾರಾಮಣ್ಣ."

"ಎರಡು ಬೆರಳ ಲೆಕ್ಕ ಇಲ್ಲಿ ನಡ್ಯಾಂಗಿಲ್ರೀ..."

"ಮಾತಾಡಬ್ಯಾಡ್ರಿ. ಬಾಳಿಹಣ್ಣ ಅಳ್ಳಾಡ್ಲಾಕತ್ತದ."

ಟ್ರೇಯಲ್ಲಿ ಏನೋ ಇಟ್ಟ ಸದ್ದಾಯಿತು. ಆಮೇಲೆ, "ಆಯ್ತು, ಏಳ್ರಿ."

"ಅಷ್ಟೇ ಏನ್ರಿ? ಸಿಕ್ತಾ?"

"ನಿಮ್ಮ ದ್ರಾಕ್ಷಿ ಎಡಕ್ಕಿರೋದು ನನಗೂ ಗೊತ್ತಿತ್ತಣ್ಣಾ. ಗೊತ್ತಿದ್ದದ್ದು ಹುಡ್ಕೋದೇನದ? ಅದಕ್ಕೇ ನಾ ಕಣ್ಣ ಮುಚ್ಚಿ ಡಬ್ಬಿ ಗರಗರ ತಿರುಗ್ಸಿ ಇಟ್ಕೋತಿದ್ದೆ. ನಿಮ್ಮೂರ ಬಾಳಿಹಣ್ಣ ಬಾಳ ಸತ್ತಾವ ಖರೆ."

ಗಂಟಿನಲ್ಲಿದ್ದದ್ದು ಬರೀ ನೀರು. ಕ್ಯಾನ್ಸರ್ ಅಲ್ಲವೆಂದು ವರದಿ ಬಂದ ದಿನ ಶಿವಕಾಂತಮ್ಮ ಡಾಕ್ಟರ್ ಉಜೈರ್ ಅವರಿಗೆ ಒಂದು ಗೊನೆ ಕೆಂಪು ಬಾಳೆಹಣ್ಣು ಕಳಿಸಿದಳು, ತಿನ್ನಲಿಕ್ಕೆ.

ಕುತ್ತಿಗೆ ಉಳಿಸಿಕೊಂಡ ತುಕಾರಾಮ ಅಂದಿನಿಂದ ದ್ರಾಕ್ಷಿಯನ್ನು ಕೈಗೆ ಬಂದ ಕಡೆ ಇಡತೊಡಗಿದ. ಆ ಸಲದ ಪರೀಕ್ಷೆಯಲ್ಲಿ ಡಾಕ್ಟರ್ ಉಜೈರ್ ಒಬ್ಬರನ್ನು ಬಿಟ್ಟು ತಂಡಕ್ಕೆ ತಂಡವೇ ಫೇಲಾಯಿತು. ಉಪಕರಣದ ಗುಣಮಟ್ಟ ಕುಸಿದಿದೆ ಎಂದು ದೂರು ಹೋಗಿ, ಕಾಲೇಜಿಗೆ ರಬ್ಬರಿನ ಹೊಸ ಕುತ್ತಿಗೆ ಬಂದಿದೆ. ಅಳತೆಯನ್ನು ಅದೇ ಹೇಳುತ್ತದೆ, ಅಂಕವನ್ನೂ ಅದೇ ಕೊಡುತ್ತದೆ. ಗಂಟನ್ನು ಕಂಪನಿಯವರೇ ಒಳಗೆ ಕೂಡಿಸಿ ಕಳಿಸಿದ್ದಾರೆ. ಎಡಗಡೆ. ಫಲಿತಾಂಶ ಮತ್ತೆ ಏರಿದೆ.

ನಾನು ಸ್ನಾನ ಮಾಡುವಾಗ ದಿನವೂ ಕುತ್ತಿಗೆ ಮುಟ್ಟಿ ನೋಡಿಕೊಳ್ಳುತ್ತೇನೆ. ಬರುವುದಿದ್ದರೆ ಎಡಗಡೆಯೇ ಬರಲಪ್ಪಾ ಎಂದು ಶರಣಬಸವೇಶ್ವರನಿಗೆ ಹರಕೆಯನ್ನೂ ಹೊತ್ತಿದ್ದೇನೆ.